ಗಂಜಿಯ ಲೆಕ್ಕದ ಮೋಹಿನಿ

ಮೋಹಿನಿಯನ್ನು ನಾನು ಮೊದಲು ಕಂಡದ್ದು ೨೦೨೧ರ ಮೇ ತಿಂಗಳ ಒಂದು ಬೆಳಿಗ್ಗೆ, ಕೊಟ್ಟಾರದ ಹಾಸಿಗೆ ಮಾಹಿತಿ ಕೇಂದ್ರದಲ್ಲಿ. ಕೊರೋನಾದ ಎರಡನೆಯ ಅಲೆಯ ಕಾಲ. ಹೊರಗೆ ನೆರೆಮನೆಯ ಪೌಲ್‌ನ ರಿಕ್ಷಾದಲ್ಲಿ ನನ್ನ ಹೆಂಡತಿ ಕುಳಿತಿದ್ದಳು. ಅವಳ ಬೆರಳಿಗೆ ಸಿಕ್ಕಿಸಿದ, ರಕ್ತದ ಆಮ್ಲಜನಕ ಅಳೆಯುವ ಯಂತ್ರ ಎಂಬತ್ತೇಳು ಎಂದು ತೋರಿಸುತ್ತಿತ್ತು. ಬಿಜೈಯ ಮನೆಯಿಂದ ಹೊರಟವರು ಆಗಲೇ ಮೂರು ಆಸ್ಪತ್ರೆಗಳ ಬಾಗಿಲಿನಿಂದ ಹಿಂದಿರುಗಿದ್ದೆವು. ಮಧ್ಯಾಹ್ನದೊಳಗೆ ಆಮ್ಲಜನಕದ ಹಾಸಿಗೆ ಸಿಗದಿದ್ದರೆ ಏನನ್ನೂ ಹೇಳಲಾಗದು ಎಂದು ನಮ್ಮ ಡಾಕ್ಟರು ಎಚ್ಚರಿಸಿದ್ದರು.

ಕೇಂದ್ರದೊಳಗೆ ಮಾತ್ರ ಹಾಸಿಗೆಗಳಿಗೆ ಬರವಿರಲಿಲ್ಲ. ಗೋಡೆಯ ತುಂಬ ಒಂದು ಪರದೆ, ಅದರಲ್ಲಿ ಹಸಿರು ಅಕ್ಷರಗಳಲ್ಲಿ ‘ಖಾಲಿ ಹಾಸಿಗೆಗಳು: ೧೧೨’. ಮುಖ್ಯಸ್ಥರಾದ ಕಮಲೇಶ್ ಎಂಬವರು ನನ್ನ ಕಷ್ಟವನ್ನು ಸಮಾಧಾನದಿಂದ ಕೇಳಿ, ಪರದೆಯ ಬಣ್ಣಗಳ ಅರ್ಥವನ್ನು ವಿವರಿಸತೊಡಗಿದರು. ನೂರ ಹನ್ನೆರಡರಲ್ಲಿ ಒಂದನ್ನು ಕೊಡಿ ಎಂದೆ. ಅದು ಮೂರು ದಿನಗಳ ಹಿಂದಿನ ಸಂಖ್ಯೆ, ಆಸ್ಪತ್ರೆಗಳು ಹೊಸದನ್ನು ಕಳುಹಿಸಿದಾಗ ಬದಲಾಗುತ್ತದೆ ಎಂದರು. ಹಾಗಾದರೆ ಪರದೆ ಏತಕ್ಕೆ ಎಂದು ಕೇಳಿದೆ. ನಿನ್ನೆಯಷ್ಟೇ ಮೇಲಿನವರು ಬಂದು ನೋಡಿ ಬಹಳ ಮೆಚ್ಚಿಕೊಂಡರು ಎಂಬ ಉತ್ತರ ಬಂತು. ಮೂವತ್ತೆರಡು ವರ್ಷ ಶಾಲೆಯಲ್ಲಿ ಹಾಜರಿ ಕರೆದವನು ನಾನು. ಪುಸ್ತಕದಲ್ಲಿ ಹೆಸರಿರುವವರೆಲ್ಲ ಬೆಂಚಿನ ಮೇಲೆ ಇರುವುದಿಲ್ಲ ಎಂಬುದು ನನಗೆ ತಿಳಿದಿತ್ತು. ಅದಕ್ಕೆ ಇಷ್ಟು ದೊಡ್ಡ ಪರದೆ ಮಾಡಿಸುತ್ತಾರೆಂದು ತಿಳಿದಿರಲಿಲ್ಲ.

ಮೂಲೆಯ ಮೇಜಿನಲ್ಲಿ ಫೋನು ಎತ್ತಿಕೊಳ್ಳುತ್ತಿದ್ದ ನಲವತ್ತರ ಆಸುಪಾಸಿನ ಹೆಂಗಸು ನನ್ನ ಅರ್ಜಿಯನ್ನು ಓದಿದಳು. ನಿವೃತ್ತ ಶಿಕ್ಷಕ ಎಂದು ಬರೆದದ್ದನ್ನು ನೋಡಿ ಕೈಸನ್ನೆಯಿಂದ ಹತ್ತಿರ ಕರೆದಳು.

“ಆ ಟಿವಿ ನೋಡಿದ್ರೆ ಹಾಸಿಗೆ ಸಿಗ್ಲಿಕ್ಕಿಲ್ಲ ಮಾಷ್ಟ್ರೇ. ಇಲ್ಲಿ ಕೂತ್ಕೊಳ್ಳಿ.”

ಅವಳೇ ಮೋಹಿನಿ, ಅಲ್ಲಿಯ ತಾತ್ಕಾಲಿಕ ನೌಕರಳು. ತನ್ನ ಸ್ವಂತ ಮೊಬೈಲಿನಿಂದ, ನಮ್ಮನ್ನು ಹಿಂದಕ್ಕೆ ಕಳುಹಿಸಿದ್ದ ಮೂರು ಆಸ್ಪತ್ರೆಗಳಲ್ಲೊಂದರ ಅಡುಗೆಮನೆಗೆ ಫೋನು ಮಾಡಿದಳು. ಅಲ್ಲಿ ಅಡುಗೆಯವಳಾಗಿದ್ದ ಅಕ್ಕುವಿನೊಡನೆ ತುಳುವಿನಲ್ಲಿ ಮಾತು. ಆಮ್ಲಜನಕದ ವಾರ್ಡಿಗೆ ಇವತ್ತು ಗಂಜಿ ಎಷ್ಟು ಎಂದು ಕೇಳಿದಳು. ನಿನ್ನೆ ಅರವತ್ತನಾಲ್ಕು, ಇವತ್ತು ಅರವತ್ತೊಂದು. ನನ್ನ ಹೆಂಡತಿ ಉಸಿರಿಗೆ ಒದ್ದಾಡುತ್ತಿರುವಾಗ ಈಕೆ ಗಂಜಿ ವಿಚಾರಿಸುತ್ತಿದ್ದಾಳಲ್ಲ ಎಂದು ನನಗೆ ಸಿಟ್ಟೇ ಬಂದಿತ್ತು. ಅಷ್ಟರಲ್ಲಿ ಅವಳು ಅದೇ ಆಸ್ಪತ್ರೆಯ ಕೌಂಟರಿಗೆ ಫೋನು ಹಚ್ಚಿದಳು.

“ನಿಮ್ಮಲ್ಲಿ ಮೂರು ಹಾಸಿಗೆ ಉಂಟಲ್ಲ, ಒಂದು ನಮಗೆ ಬೇಕು. ಯಾರು ಹೇಳಿದ್ದು ಅಂತ ಮತ್ತೆ ಕೇಳಿ, ಉಂಟಾ ಇಲ್ವಾ ಅದು ಹೇಳಿ ಮೊದಲು.”

ಆ ಕಡೆಯವರು ಪೇಷಂಟಿನ ಹೆಸರೇನು ಎಂದು ಕೇಳಿದರು.

ಹೆಂಡತಿ ಹನ್ನೊಂದು ದಿನ ಅಲ್ಲಿದ್ದು ಗುಣವಾಗಿ ಬಂದಳು. ಆಸ್ಪತ್ರೆಯ ಬಗ್ಗೆ ಅವಳದ್ದು ಒಂದೇ ದೂರು, ಗಂಜಿಗೆ ಉಪ್ಪು ಹಾಕುತ್ತಿರಲಿಲ್ಲ.

ಕೃತಜ್ಞತೆ ಹೇಳಲು ಹೋದಾಗ ಈ ವಿದ್ಯೆಯನ್ನು ಯಾರಿಂದ ಕಲಿತೆ ಎಂದು ಕೇಳಿದೆ. ಅವಳದು ಮೀನುಗಾರರ ಮನೆತನ. ತಂದೆ ದೇವದಾಸರಿಗೆ ಬೋಟು ಇತ್ತು. ಅವಳು ಮೊದಲು ಬಂದರಿನ ಐಸ್ ಪ್ಲಾಂಟಿನಲ್ಲಿ ಕೆಲಸಕ್ಕಿದ್ದಳು. ಸಮುದ್ರದಲ್ಲಿ ಬಲೆ ತುಂಬಿದರೂ ಬೋಟಿನವರು ವೈರ್‌ಲೆಸ್ಸಿನಲ್ಲಿ ‘ಎಂತದೂ ಇಲ್ಲ’ ಎಂದೇ ಹೇಳುತ್ತಾರೆ. ನಿಜ ಹೇಳಿದರೆ ಉಳಿದ ಬೋಟುಗಳೆಲ್ಲ ಆ ಜಾಗಕ್ಕೆ ನುಗ್ಗುತ್ತವೆ. ಆದರೆ ದಡಕ್ಕೆ ಬರುವ ಮೊದಲು ಐಸಿಗೆ ಹೇಳಿ ಕಳುಹಿಸಲೇಬೇಕು.

“ಬಾಯಲ್ಲಿ ಇಲ್ಲ ಅಂತಾರೆ ಮಾಷ್ಟ್ರೇ, ಐಸ್ ಮಾತ್ರ ನಲವತ್ತು ಪೆಟ್ಟಿಗೆ ಬೇಕು ಅಂತಾರೆ. ಆಸ್ಪತ್ರೆಯವರು ಎಂತ ಬೇರೆಯಾ?”

ಯಾರೋ ದೊಡ್ಡವರ ಫೋನು ಬಂದೀತೆಂದು ಆಸ್ಪತ್ರೆಗಳು ಕೆಲವು ಹಾಸಿಗೆಗಳನ್ನು ಮುಚ್ಚಿಟ್ಟುಕೊಳ್ಳುತ್ತಿದ್ದವು. ಆದರೆ ಮುಚ್ಚಿಟ್ಟ ಹಾಸಿಗೆಗೆ ಯಾರೂ ಗಂಜಿ ಬೇಯಿಸುವುದಿಲ್ಲ. ವೆಂಟಿಲೇಟರ್ ಕೇಳಿಕೊಂಡು ಬಂದವರಿಗೆ ಮಾತ್ರ ಅವಳು ಮೊದಲೇ ಹೇಳಿಬಿಡುತ್ತಿದ್ದಳು, ಅದರಲ್ಲಿರುವವರು ಗಂಜಿ ಉಣ್ಣುವುದಿಲ್ಲ, ಅದು ನನಗೆ ತಿಳಿಯುವುದಿಲ್ಲ ಎಂದು. ಅಂದು ಕಡಿಮೆಯಾದ ಮೂರು ಗಂಜಿಯಲ್ಲಿ ಎರಡು ಮನೆಗೆ ಹೋದವರದ್ದು ಎಂದಳು. ಮೂರನೆಯದರ ಬಗ್ಗೆ ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮೂರರಲ್ಲಿ ನನ್ನ ಹೆಂಡತಿಗೆ ಸಿಕ್ಕಿದ್ದು ಯಾವುದೆಂದು ತಿಳಿಯುವ ಧೈರ್ಯ ನನಗೆ ಇಂದಿಗೂ ಇಲ್ಲ.

ಅಲೆ ಇಳಿಯಿತು. ಪರದೆಗಾಗಿ ಕಮಲೇಶರಿಗೆ ಸನ್ಮಾನವಾಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ. ಮೋಹಿನಿಗೆ ನಾಳೆಯಿಂದ ಬರುವುದು ಬೇಡ ಎಂಬ ಒಂದು ಚೀಟಿ. ಕಮಲೇಶರು ಕೆಟ್ಟವರಲ್ಲ, ಕಲಿಯುವ ಆಸೆಯುಳ್ಳವರು. ಮೋಹಿನಿಯ ಉಪಾಯ ಕಿವಿಗೆ ಬಿದ್ದದ್ದೇ ತಡ, ಪರದೆಯಲ್ಲಿ ‘ಗಂಜಿ’ ಎಂಬ ಹೊಸ ಅಂಕಣವನ್ನೇ ಮಾಡಿಸಿದರು. ಪ್ರತಿದಿನ ಎಷ್ಟು ಗಂಜಿ ಬೇಯಿಸಿದಿರೆಂದು ಆಸ್ಪತ್ರೆಗಳೇ ತುಂಬಿಸಿ ಕಳುಹಿಸಬೇಕು! ಆಸ್ಪತ್ರೆಗಳು ಹಾಸಿಗೆಯ ಸಂಖ್ಯೆಯನ್ನು ಎಷ್ಟು ಪ್ರಾಮಾಣಿಕವಾಗಿ ಕಳುಹಿಸುತ್ತಿದ್ದವೋ ಗಂಜಿಯದನ್ನೂ ಅಷ್ಟೇ ಪ್ರಾಮಾಣಿಕವಾಗಿ ಕಳುಹಿಸಿದವು. ಜೊತೆಗೆ ಅಕ್ಕುವಿನ ಅಡುಗೆಮನೆಯ ಗೋಡೆಗೆ ಒಂದು ನೋಟೀಸು ಬಂತು, ಗಂಜಿಯ ವಿವರವನ್ನು ಹೊರಗಿನವರಿಗೆ ತಿಳಿಸಕೂಡದು ಎಂದು.

ಮೋಹಿನಿ ಈಗ ಪುನಃ ಐಸ್ ಪ್ಲಾಂಟಿನಲ್ಲಿದ್ದಾಳೆ. ಮಳೆಗಾಲದಲ್ಲಿ ಡೆಂಗೀ ಹೆಚ್ಚಿದಾಗ ಜನ ಇಂದಿಗೂ ಪರದೆಯನ್ನು ನೋಡಿ, ಆಮೇಲೆ ಅವಳಿಗೆ ಫೋನು ಮಾಡುತ್ತಾರೆ. ಮೊನ್ನೆ ನಾನು ಅಲ್ಲಿಗೆ ಹೋದಾಗಲೂ ಸುರತ್ಕಲ್‌ನಿಂದ ಒಬ್ಬಳು ಅಮ್ಮನಿಗಾಗಿ ಕರೆ ಮಾಡಿದ್ದಳು. ಮೋಹಿನಿ ಅಕ್ಕುವಿಗೆ ಫೋನು ಮಾಡಿ ಒಂದು ಸಣ್ಣ ವಿಷಯ ಕೇಳಿದಳು; ಗಂಜಿಯ ಮಾತೇ ಎತ್ತಲಿಲ್ಲ. ಕೇಳಿದ್ದು ಏನೆಂದು ನನಗೆ ಗೊತ್ತು. ಇಲ್ಲಿ ಬರೆಯುವ ಹಾಗಿಲ್ಲ, ಕಮಲೇಶರು ಓದಿದರೆ ಅದಕ್ಕೂ ಒಂದು ಅಂಕಣ ಮಾಡಿಸಿಬಿಡುತ್ತಾರೆ.

“ಎರಡು ಉಂಟು. ಈಗಲೇ ಹೊರಡಿ,” ಎಂದು ಆ ಹೆಣ್ಣಿಗೆ ಹೇಳಿ, ಮೋಹಿನಿ ಇನ್ನೊಂದು ಫೋನಿನಲ್ಲಿ ಕಾಯುತ್ತಿದ್ದ ಬೋಟಿನವನನ್ನು ಐಸ್ ಎಷ್ಟು ಪೆಟ್ಟಿಗೆ ಬೇಕೆಂದು ಕೇಳಿದಳು.