ಮೀಸೆ ಬೆಳೆದ ವರ್ಷ

ನಮ್ಮ ಪೈಕಿ ಗಂಡಸರು ಮೀಸೆ ತೆಗೆಸುವುದು ಹೆತ್ತವರು ತೀರಿಕೊಂಡಾಗ. ಅಪ್ಪ ಮಾತ್ರ ಪ್ರತಿ ವರ್ಷ ಬೇಸಿಗೆಗೆ ಮುಂಚೆ ತೆಗೆಸುತ್ತಿದ್ದರು. ಹಿಂದೂಪುರದ ನಮ್ಮ ನೇಕಾರರ ಬೀದಿಯವರೇ ಸೇರಿ ಆಡುತ್ತಿದ್ದ ನಾಟಕದಲ್ಲಿ ಅವರದು ಯಾವಾಗಲೂ ಹೆಣ್ಣಿನ ಪಾತ್ರ. ಕುಂದುರ್ಪಿಯಿಂದ ಸೀರೆ ಕೊಳ್ಳಲು ಬಂದ ವ್ಯಾಪಾರಿ ಅವರ ಬೋಳು ಮುಖ ಕಂಡು ಗಾಬರಿಯಾಗಿ, "ಎವರು ಪೋಯಾರನ್ನಾ?" ಎಂದು ತೆಲುಗಿನಲ್ಲಿ ಕೇಳಿದರೆ, ಅಪ್ಪ ಲಾಳಿ ನಿಲ್ಲಿಸದೆ, "ಯಾರೂ ಹೋಗಿಲ್ಲ ಕಣಣ್ಣ, ನಾಟ್ಕ ಬಂದೈತೆ" ಎನ್ನುತ್ತಿದ್ದರು.

ಮಗ್ಗ ನಿಂತ ಮೇಲೆ, ಸಂಜೆ ನಮ್ಮ ಪಡಸಾಲೆಯಲ್ಲೇ ಅಭ್ಯಾಸ. ಕಥೆಯನ್ನು ಅವರವರೇ ಕೂತು ಕಟ್ಟುತ್ತಿದ್ದರು, ಅರ್ಧ ಕನ್ನಡ, ಅರ್ಧ ತೆಲುಗು. ಹೆಂಗಸರು ರಂಗ ಹತ್ತುವ ಮಾತೇ ಇರಲಿಲ್ಲ. ಆದರೆ ಅಭ್ಯಾಸಕ್ಕೆ ಬೀದಿಯ ಹೆಂಗಸರೆಲ್ಲ ರಾಟೆ ಹೊತ್ತುಕೊಂಡು ಬಂದು, ನೂಲು ಸುತ್ತುತ್ತಾ ಗೋಡೆಯುದ್ದಕ್ಕೂ ಕೂರುತ್ತಿದ್ದರು. ಸುಮ್ಮನೆ ಕೂರುತ್ತಿರಲಿಲ್ಲ.

ಒಂದು ವರ್ಷ ಅಪ್ಪನದು ಅತ್ತೆಮನೆಯಲ್ಲಿ ನೊಂದ ಸೊಸೆಯ ಪಾತ್ರ. ಎರಡೂ ಕೈ ಮೇಲೆತ್ತಿ ಗೋಳೋ ಎಂದು ಅತ್ತರು. ಎದುರು ಮನೆಯಾಕೆಗೆ ತಡೆಯಲಾಗಲಿಲ್ಲ.

"ಥೂ, ಹಂಗೆ ಯಾವೋಳು ಅಳ್ತಾಳಣ್ಣಾ? ಅತ್ತೆ ಕೇಳಿಸ್ಕೊಂಡ್ಬುಟ್ರೆ? ಸೆರಗು ಬಾಯಿಗೆ ತುರುಕ್ಕೋ. ಒಲೆ ಮುಂದೆ ಕುಂತು ಊದು. ಹೊಗೆಗೆ ಕಣ್ಣೀರು ಬಂತು ಅನ್ಕೊಂತಾರೆ."

"ಅಣ್ಣಯ್ಯ ಒಲೆ ಊದಿದ್ರೆ ಬೂದಿಯೆಲ್ಲ ಅವನ ಮೂತಿಗೇ ಕಣೇ!" ಎಂದಳು ಪಕ್ಕದವಳು. ಪಡಸಾಲೆಯೆಲ್ಲ ನಗು.

ಅಪ್ಪ ನಗಲಿಲ್ಲ. ಸೆರಗನ್ನು ಬಾಯಿಗೊತ್ತಿ, ಕುಕ್ಕರಗಾಲಲ್ಲಿ ಕೂತು, ಇಲ್ಲದ ಒಲೆಯನ್ನು ಊದಿದರು. ಬೆನ್ನು ಮಾತ್ರ ಅಲುಗುತ್ತಿತ್ತು. ರಾಟೆಗಳು ಒಂದೊಂದಾಗಿ ನಿಂತವು.

ಪ್ರದರ್ಶನದ ದಿನ ಒಲೆ ಊದುವ ಆ ಜಾಗ ಬಂದಾಗ ಗಂಡಸರ ಕಡೆ ಒಬ್ಬರೂ ಕೆಮ್ಮಲಿಲ್ಲ. ಮಾರನೆಯ ದಿನ ಎದುರು ಮನೆಯಾಕೆ ನಮ್ಮ ಬಾಗಿಲಿಗೆ ಬಂದು, "ನೆನ್ನೆ ನಾಟ್ಕ ಮುಗಿದ್ಮೇಲೆ ನಮ್ಮನೇಲಿ ಯಾರೂ ನನ್ನ ಏನೂ ಅನ್ಲಿಲ್ಲ ಕಣಣ್ಣ" ಎಂದಷ್ಟೇ ಹೇಳಿ ಹೋದಳು.

ನಾನಾಗ ಬೆಂಗಳೂರಿನಲ್ಲಿ ಕಾಲೇಜು ಓದುತ್ತಿದ್ದೆ, ರಜೆಗೆ ಮಾತ್ರ ಊರು. ಅಪ್ಪ ಏನು ಮಾಡುತ್ತಾರೆ ಎಂದು ಹಾಸ್ಟೆಲಿನಲ್ಲಿ ಕೇಳಿದರೆ ಮಗ್ಗದ ವಿಷಯ ಹೇಳುತ್ತಿದ್ದೆ. ನಾಟಕದ ವಿಷಯ ಹೇಳುತ್ತಿರಲಿಲ್ಲ.

ಬಿ.ಎ. ಮುಗಿದ ವರ್ಷ ಸೋದರಮಾವ ಸಂಬಂಧ ತಂದರು. ಕಲ್ಯಾಣದುರ್ಗದವರು, ನಮ್ಮವರೇ, ಹುಡುಗ ಶಾಲೆಯಲ್ಲಿ ಮೇಷ್ಟ್ರು. ಹೆಣ್ಣು ನೋಡಲು ಬರುವ ದಿನ ಸರಿಯಾಗಿ ನಾಟಕದ ತಿಂಗಳಿಗೇ ಬಿತ್ತು.

"ಬಾವಾ, ನಿನ್ನ ಬೋಳು ಮೂತಿ ನೋಡಿದ್ರೆ ಸೂತಕದ ಮನೆ ಅಂತ ಬಾಗಿಲಿಂದ್ಲೇ ತಿರುಗ್ತಾರೆ" ಎಂದರು ಮಾವ. "ನಾಟ್ಕ ಅಂತ ಗೊತ್ತಾದ್ರೆ ಇನ್ನೂ ಕೆಟ್ಟೋಯ್ತು. ಸೀರೆ ಉಡೋನ ಮಗಳು ಅಂತಾರೆ."

"ವರ್ಷವೆಲ್ಲ ಸೀರೆ ನೇಯೋನು ಒಂದಿನ ಉಟ್ರೆ ತಪ್ಪೇನ್ಲಾ?" ಎಂದು ಅಪ್ಪ ನಕ್ಕರು. ಆಮೇಲೆ ನನ್ನ ಕಡೆ ತಿರುಗಿದರು. "ನೀನು ಓದಿದೋಳು. ಹೇಳಮ್ಮ, ಈ ಸಲ ಪಾತ್ರ ಬಿಟ್ಬುಡ್ಲಾ?"

"ನಿಮಗೆ ಹೇಗೆ ಸರಿ ತೋರುತ್ತೋ ಹಾಗೆ ಮಾಡಿ" ಎಂದೆ.

ಬಿಡಬೇಡಿ ಎನ್ನಲು ಇಷ್ಟು ಮಾತು ಬೇಕಾಗುವುದಿಲ್ಲ. ಅದು ಅಪ್ಪನಿಗೂ ತಿಳಿಯಿತು. ಮೀಸೆ ಬಿಟ್ಟರು. ಆ ಪಾತ್ರಕ್ಕೆ ಬೇರೆ ಯಾರೂ ಮುಂದೆ ಬರಲಿಲ್ಲ, ನಾಟಕ ನಿಂತಿತು. ಆಮೇಲಿನ ವರ್ಷಗಳಲ್ಲೂ ನಡೆಯಲಿಲ್ಲ. ಆ ಸಲ ಸಂಜೆ ಹೆಂಗಸರು ಅಭ್ಯಾಸದ ಆಸೆಗೆ ಕೆಲವು ದಿನ ರಾಟೆ ಹೊತ್ತುಕೊಂಡು ಬಂದರು. ಬರೀ ಪಡಸಾಲೆ ನೋಡಿ ತಂತಮ್ಮ ಮನೆಗಳಿಗೆ ಹೋದರು. ಬಾವಿಯ ಹತ್ತಿರ ಸಿಕ್ಕಾಗ ಎದುರು ಮನೆಯಾಕೆ, "ನಿಮ್ಮಪ್ಪಂಗೆ ಹೇಳ್ಕೊಡಾಕೆ ಈ ಸಲ ಎಷ್ಟೊಂದಿತ್ತು ಕಣಮ್ಮ" ಎಂದಳು. ಅಪ್ಪನ ಒಂದು ಖುಷಿ ತಪ್ಪಿತು ಎಂದಷ್ಟೇ ನಾನು ತಿಳಿದಿದ್ದೆ. ಕೊಡ ತುಂಬಿಕೊಂಡು ಮನೆಗೆ ಬಂದೆ.

ಮದುವೆಯಾಗಿ ಕಲ್ಯಾಣದುರ್ಗಕ್ಕೆ ಬಂದ ಮೊದಲ ವರ್ಷವೇ, ಒಂದು ಮಧ್ಯಾಹ್ನ ಕಡಲೆಕಾಯಿ ಸುಲಿಯುತ್ತಾ ನಮ್ಮತ್ತೆ ತಾವಾಗಿಯೇ ಅಂದರು: "ನಿಮ್ಮಪ್ಪನ ನಾಟ್ಕ ನಾನು ನೋಡಿವ್ನಿ ಕಣಮ್ಮ. ನನ್ನ ತಂಗಿ ಹಿಂದೂಪುರದಾಗೇ ಅಲ್ವಾ ಇರೋದು. ಆ ಒಲೆ ಊದೋದು! ನಾನು ಸೊಸೆಯಾಗಿ ಬಂದ ಹೊಸದ್ರಲ್ಲಿ ಹಂಗೇ ಊದಿದ್ದು. ಆ ಮನುಷ್ಯನ ಮಗಳು ಅಂದ್ರೆ ತಂದ್ಕೊಳ್ಳೋಣ ಅಂತ ತಂಗಿ ಕೈಲಿ ನಿಮ್ಮ ಸೋದರಮಾವಂಗೆ ನಾನೇ ಹೇಳಿಕಳ್ಸಿದ್ದು."

ನನ್ನ ಕೈಯಲ್ಲಿದ್ದ ಕಾಯಿ ಹಾಗೇ ಉಳಿಯಿತು. "ಹೌದಾ ಅತ್ತೆ" ಎಂದೆ. ಅಪ್ಪನಿಗೆ ಇದನ್ನು ಹೇಗೆ ಹೇಳುವುದು ಎಂದು ದಿನವೂ ಯೋಚಿಸಿದೆ. ಹೇಳಲಿಲ್ಲ.

ದಸರೆಯ ಹೊತ್ತಿಗೆ ಅಪ್ಪ ನನ್ನನ್ನು ನೋಡಲು ಬಂದರು. ಬೀದಿಯ ಆ ತುದಿಯಿಂದಲೇ ಅವರು ಜಟಕಾದವನ ಜೊತೆ ಮಾತಾಡಿಕೊಂಡು ಬರುವುದು ಒಳಗೆ ಒಲೆಯ ಬಳಿಯಿದ್ದ ನನಗೆ ಸ್ಪಷ್ಟವಾಗಿ ಕೇಳಿಸಿತು. ಊಟವಾದ ಮೇಲೆ ಅತ್ತೆ ಕಂಬಕ್ಕೊರಗಿ ನಿಂತು ಕೇಳಿದರು.

"ಅಲ್ಲಣ್ಣಾ, ನಾಟ್ಕ ಯಾಕೆ ಬಿಟ್ಬುಟ್ರಿ? ನಮ್ಮ ಬೀದಿ ಹುಡುಗರೂ ಒಂದು ಕಟ್ತಾವ್ರೆ. ಬಂದು ಹೇಳ್ಕೊಡಬಾರ್ದಾ?"

ಅಪ್ಪ ನನ್ನ ಕಡೆ ನೋಡಲಿಲ್ಲ. "ಗಂಟ್ಲು ಹೋಯ್ತು ಕಣಮ್ಮ. ಮೊದಲಿನಂಗೆ ಮಾತು ಎತ್ತಾಕಾಗಲ್ಲ" ಎಂದರು.

"ಅಯ್ಯೋ ಪಾಪಂ! ನೋಡಮ್ಮಾ, ನಿಮ್ಮಪ್ಪಂಗೆ ಮೆಣಸಿನ ಕಷಾಯ ಮಾಡ್ಕೊಂಡು ಬಾ. ಖಾರವಾಗಿರ್ಲಿ."

ಮಾಡಿದೆ. ಅತ್ತೆ ಆ ನಾಟಕ ನೋಡಿಯೇ ನನ್ನನ್ನು ತಂದುಕೊಂಡರೆಂದು ಕುದಿಯುವಾಗಲೂ ಹೇಳಬಹುದಿತ್ತು, ಲೋಟ ಕೈಗಿಡುವಾಗಲೂ ಹೇಳಬಹುದಿತ್ತು. ಅತ್ತೆ ಎದುರಿಗೇ ಇದ್ದರು, ಕೇಳಿದರೆ ಸಂತೋಷವನ್ನೇ ಪಡುತ್ತಿದ್ದರು. ಅಪ್ಪ ಆ ಉರಿಖಾರದ ಕಷಾಯವನ್ನು ಕಣ್ಣಲ್ಲಿ ನೀರು ಬರುತ್ತಿದ್ದರೂ ಕೊನೆಯ ಗುಟುಕಿನವರೆಗೆ ಕುಡಿದರು. "ಈಗ ವಾಸಿ" ಎಂದು ಅತ್ತೆಗೆ ಹೇಳಿದರು, ಸಣ್ಣ ದನಿಯಲ್ಲಿ. ನಾನು ಲೋಟ ತೆಗೆದುಕೊಂಡು ಒಳಗೆ ಹೋದೆ.