ಬೊಮ್ಮಕ್ಕನ ಬಿಲ್ಲೆ

ಹೋದ ತಿಂಗಳು ತೀರಿಕೊಂಡ ಜುಂಜಪ್ಪ ಉಳ್ಳಾರ್ತಿ ಕಾವಲಿನ ಅಂಚಿನಲ್ಲಿ ಕುರಿ ಕಾಯುತ್ತಿದ್ದ. ಗೆಳೆಯರಿಗೆ ಅವನೆಂದರೆ ಮೊದಲು ನೆನಪಾಗುವುದು ಅವನ ನಗು, ಆಮೇಲೆ ಅವನ ಫೋನು. ಹೆಂಡತಿ ಬೊಮ್ಮಕ್ಕ ಸತ್ತ ಮೇಲೆ ಅವಳ ಕೊರಳಲ್ಲಿದ್ದ ಮನೆದೇವರ ಬೆಳ್ಳಿ ಬಿಲ್ಲೆಯನ್ನು ಫೋನಿನ ಹಿಂದೆ, ಕವರಿನೊಳಗೆ ಇಟ್ಟುಕೊಂಡಿದ್ದ. ಕೊರಳಿಗೆ ಕಟ್ಟಿದರೆ ದಾರ ಮುಳ್ಳುಕಂಟಿಗೆ ಸಿಕ್ಕಿ ಹರಿಯುತ್ತದೆ. ಫೋನಾದರೆ ಸದಾ ಎದೆಯ ಜೇಬಿನಲ್ಲಿರುತ್ತದೆ.

ಆ ಫೋನಿಗೆ ವೈರು ಸರಿಯಾಗಿ ಕೂರುತ್ತಿರಲಿಲ್ಲ. ತಳಕು ಊರಿನ ಚಹಾದಂಗಡಿಯಲ್ಲಿ ಸಿಕ್ಕಿಸಿ, ಮೇಲೊಂದು ಕಲ್ಲು ಹೇರಿದರೆ ಮಾತ್ರ ಚಾರ್ಜು. "ಲೇ ಜುಂಜಾ, ಫೋನು ಓಡಿಹೋಗ್ತೈತೇನಲೇ, ಕಲ್ಲು ಹೇರಿದೀಯಾ?" ಎಂದು ಅಂಗಡಿಯ ಕಾಟಪ್ಪ ಕೆಣಕುತ್ತಿದ್ದ. ಈ ಕಲ್ಲಿನ ಸುದ್ದಿ ತಿಳಿದ ಅಳಿಯ ರಾಮಾಂಜನೇಯ ತಾನು ಬಳಸಿ ಬಿಟ್ಟ ದುಬಾರಿ ಫೋನು ಕಳಿಸಿದ. ಬಿಲ್ಲೆ ಹೊಸ ಕವರಿನೊಳಗೆ ಹೋಯಿತು.

ಮೊಮ್ಮಗಳ ತೊಟ್ಟಿಲ ಶಾಸ್ತ್ರಕ್ಕೆ ಜುಂಜಪ್ಪ ಮೊಳಕಾಲ್ಮೂರಿಗೆ ಹೋದ. ಅಳಿಯನದು ಬಟ್ಟೆ ಅಂಗಡಿ. ಮನೆ ತುಂಬ ಇಸ್ತ್ರಿ ಬಟ್ಟೆಯ ನೆಂಟರು. ತನ್ನ ಕಂಬಳಿಯನ್ನು ಬಾಗಿಲ ಹಿಂದೆ ಬಚ್ಚಿಟ್ಟು ಒಂದು ಮೂಲೆಯಲ್ಲಿ ಕೂತ.

"ವೈರು ಯಾಕ್ರಿ ಮಾವ? ಇದರ ಮ್ಯಾಲೆ ಸುಮ್ನೆ ಇಡ್ರಿ, ತಾನೇ ಆಗ್ತೈತೆ" ಎಂದು ಅಳಿಯ ತಟ್ಟೆಯಂಥ ಚಾರ್ಜರ್ ತೋರಿಸಿದ. ಜುಂಜಪ್ಪ ಇಟ್ಟ. ಕೆಂಪು ದೀಪ ಮಿಣುಕಿತು. ಎತ್ತಿದರೆ ಫೋನು ರೊಟ್ಟಿಹಂಚಿನಂತೆ ಬಿಸಿ.

"ನಮ್ಮ ಬೀಗರು ಮುಟ್ಟಿದ್ರೆ ಕರೆಂಟಿಗೂ ಜ್ವರ ಬರ್ತೈತೆ!" ಎಂದಳು ಅಳಿಯನ ತಾಯಿ ನಾಗಕ್ಕ. ಎಲ್ಲರೂ ನಕ್ಕರು.

ರಾಮಾಂಜನೇಯ ಕವರು ಬಿಚ್ಚಿದ. ಕುಂಕುಮ, ಬೆವರು ಮೆತ್ತಿ ಕಪ್ಪಾದ ಬಿಲ್ಲೆ ನೆಲಕ್ಕೆ ಬಿತ್ತು. "ನಡುವೆ ಇಂಥದ್ದಿದ್ರೆ ಬಿಸಿಯಾಗದೆ ಇನ್ನೇನು? ಏನ್ ಮಾವ ಇದು?"

"ನಿಮ್ಮತ್ತೇದು" ಎಂಬ ಒಂದೇ ಮಾತು ಸಾಕಿತ್ತು. ಆದರೆ ನೆಂಟರೆಲ್ಲ ಅವನನ್ನೇ ನೋಡುತ್ತಿದ್ದರು. "ಏನೋ, ದಾರೀಲಿ ಸಿಕ್ಕಿದ್ದು. ಬಿಸಾಕಪ್ಪ" ಎಂದ.

ತಲೆಯೆತ್ತಿದಾಗ ಅಡುಗೆಮನೆಯ ಬಾಗಿಲಲ್ಲಿ ಮಗಳು ಸ್ವಪ್ನ ನಿಂತಿದ್ದಳು. ಹಲ್ಲು ಬರುವಾಗ ಆ ಬಿಲ್ಲೆಯನ್ನೇ ಕಚ್ಚಿ ಬೆಳೆದವಳು. ಬಗ್ಗಿ ಎತ್ತಿಕೊಂಡಳು, ಸೆರಗಿನಲ್ಲಿ ಒರೆಸಿದಳು, ಒಳಗೆ ಹೋದಳು. ಬಿಲ್ಲೆಯಿಲ್ಲದ ಫೋನು ಚಾರ್ಜರಿನ ಮೇಲೆ ಸದ್ದಿಲ್ಲದೆ ಚಾರ್ಜಾಗುತ್ತಿತ್ತು. ಊಟಕ್ಕೆ ಕೂತ ಜುಂಜಪ್ಪ ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದ.

ಹೊರಡುವಾಗ ಸ್ವಪ್ನ ಬಿಲ್ಲೆಯನ್ನು ಅವನ ಜೇಬಿಗೆ ಹಾಕಿ, ಕೈಗೆ ವೈರಿನ ಚಾರ್ಜರ್ ಕೊಟ್ಟಳು. "ವೈರೇ ಹಾಕ್ಕೋ ಅಪ್ಪ. ಅವ್ವನ್ನ ತೆಗೀಬ್ಯಾಡ."

ಅವನು "ಹ್ಞೂಂ" ಎಂದನಷ್ಟೆ. "ತಪ್ಪಾತವ್ವ" ಎಂಬ ಮಾತು ಬಾಯಿಗೆ ಬಂದದ್ದು ಬಸ್ಸು ಹತ್ತಿದ ಮೇಲೆ.

ಆಮೇಲೆ ತಳಕಿನಲ್ಲಿ ವೈರು ಸಿಕ್ಕಿಸುವಾಗ, ಯಾರೂ ಕೇಳದಿದ್ದರೂ, "ಒಳಗಿರೋದು ನನ್ನ ಬೊಮ್ಮಿ ಬಿಲ್ಲೆ ಕಣ್ರಲೇ" ಎಂದು ಅಂಗಡಿಗೆಲ್ಲ ಕೇಳುವಂತೆ ಹೇಳುತ್ತಿದ್ದ. ಅಲ್ಲಿ ಅದು ಯಾರಿಗೆ ಗೊತ್ತಿರಲಿಲ್ಲ? ಮೊಳಕಾಲ್ಮೂರಿಗೆ ಮಾತ್ರ ಅವನು ಮತ್ತೆ ಹೋಗಲಿಲ್ಲ. ಸ್ವಪ್ನ ಫೋನು ಮಾಡಿದಾಗಲೆಲ್ಲ "ಚಾರ್ಜಿಲ್ಲ ಕಣವ್ವ, ಇಡ್ತೀನಿ" ಎನ್ನುತ್ತಿದ್ದ. ಪಕ್ಕದಲ್ಲಿ ಕೂತವರಿಗೆ ಕಾಣುತ್ತಿತ್ತು, ಫೋನಿನಲ್ಲಿ ಚಾರ್ಜು ತುಂಬಿಯೇ ಇರುತ್ತಿತ್ತು.