ಅಳತೆಗೆ ನಿಂತವಳು

ಮೊನ್ನೆ ಜಮಖಂಡಿಯ ಒಂದು ಫೋಟೋ ಸ್ಟುಡಿಯೋದಲ್ಲಿ ಕುಳಿತಿದ್ದೆ. ಮೂವತ್ತು ವರ್ಷ ನಾನು ಚಿತ್ರಕಲೆ ಕಲಿಸಿದ ಬನಹಟ್ಟಿಯ ಶಾಲೆಯವರು, ನನ್ನ ಇಟಲಿಯ ಫೋಟೋಗಳನ್ನು ದೊಡ್ಡದಾಗಿ ಮಾಡಿಸಿ ಮಕ್ಕಳಿಗೆ ತೋರಿಸೋಣ ಎಂದಿದ್ದರು. ಸ್ಟುಡಿಯೋದ ಮಲ್ಲಪ್ಪ ನನ್ನ ಹಳೆಯ ವಿದ್ಯಾರ್ಥಿ. ಈಗ ಅವನ ತಲೆಯೂ ನರೆತಿದೆ. ಒಂದೊಂದೇ ಚಿತ್ರವನ್ನು ಕಂಪ್ಯೂಟರಿನಲ್ಲಿ ತೆರೆದು, ವಾಲಿದ್ದನ್ನು ನೆಟ್ಟಗೆ ಮಾಡುತ್ತ ಬಂದವನು ಸಾಲುಗಂಬಗಳ ಒಂದು ಚಿತ್ರಕ್ಕೆ ಬಂದು ಕೈ ತಡೆದ.

"ಸರ್, ಈ ಕಂಬದ ಬಾಜೂಕ ಒಬ್ಬಾಕಿ ಹೆಣ್ಣಮಗಳು ನಿಂತಾಳ ನೋಡ್ರಿ. ಆಕೀನ್ನ ತಗದ ಬಿಡ್ಲೇನು? ಒಂದ ನಿಮಿಷದ ಕೆಲಸ. ಬಿಲ್ಡಿಂಗ್ ಸ್ವಚ್ಛ ಕಾಣತೈತಿ."

ಬೇಡ ಎಂದೆ. ದನಿ ನಾನೆಣಿಸಿದ್ದಕ್ಕಿಂತ ಗಡುಸಾಗಿ ಬಂತು. ಮಲ್ಲಪ್ಪ ಗಾಬರಿಯಾಗಿ ನನ್ನ ಮುಖ ನೋಡಿದ. ಅವನದೇನು ತಪ್ಪು? ಚಿತ್ರದಲ್ಲಿ ಆ ಮುಖ ಜೋಳದ ಕಾಳಿನಷ್ಟಿತ್ತು. ಹಬ್ಬಕ್ಕೆ ನಮ್ಮ ಮನೆಗೆ ಬಂದಾಗಲೆಲ್ಲ ಅವನಿಗೆ ಹೋಳಿಗೆ ಬಡಿಸಿದ ನನ್ನ ಹೆಂಡತಿ ಕಸ್ತೂರಿ ಅವಳು ಎಂದು ಅವನಿಗೆ ತಿಳಿಯುವುದಾದರೂ ಹೇಗೆ? ಆ ಚಿತ್ರ ತೆಗೆದವನಿಗೇ ತಿಳಿದದ್ದು ತಡವಾಗಿ.

ಇದನ್ನು ಮೊದಲಿನಿಂದ ಹೇಳಬೇಕು. ಮಗ್ಗಗಳ ಖಟಖಟದ ನಡುವೆ ಪಾಠ ಮಾಡಿದವನು ನಾನು. ನಮ್ಮ ಶಾಲೆಯ ಕಿಟಕಿ ತೆರೆದರೆ ಮೂರು ದಿಕ್ಕಿನಿಂದ ಪಾವರ್‌ಲೂಮಿನ ಸದ್ದು. ಆ ಸದ್ದಿನಲ್ಲಿ ರೋಮಿನ ಕಂಬ, ಫ್ಲಾರೆನ್ಸಿನ ಗುಮ್ಮಟ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಎಂದೂ ಕಾಣದ ಊರುಗಳ ಬಗ್ಗೆ ನಾನಾಡುತ್ತಿದ್ದ ಮಾತಿನ ಗತ್ತು ನೆನೆದರೆ ಈಗ ನಗು ಬರುತ್ತದೆ. ನಿವೃತ್ತಿಯಾದ ಮೇಲೆ ಒಂದು ಒಳ್ಳೆಯ ಕ್ಯಾಮೆರಾ ಕೊಂಡೆ. ಕಟ್ಟಡದ ಚಿತ್ರದಲ್ಲಿ ಒಬ್ಬ ಮನುಷ್ಯ ಇದ್ದರೆ ಅದರ ಎತ್ತರ ನೋಡುವವರಿಗೆ ತಿಳಿಯುತ್ತದೆ ಎಂದು ಎಲ್ಲೋ ಕೇಳಿದ್ದೆ. ಆ ಮನುಷ್ಯನ ಜಾಗಕ್ಕೆ ಕಸ್ತೂರಿ ಬಂದಳು. ಬೀಳಗಿಯ ಹಳೆಯ ಬಾವಿಯ ಮೆಟ್ಟಿಲ ಮೇಲೆ, ಹುನ್ನೂರಿನ ನಮ್ಮ ನೆಂಟರ ವಾಡೆಯ ಬಾಗಿಲಲ್ಲಿ ಅವಳನ್ನು ನಿಲ್ಲಿಸಿದೆ. ರಬಕವಿಯ ನೇಕಾರರ ಮನೆಯ ಮಗಳು. ಹೇಳಿದ ಕೆಲಸವನ್ನು ಅರ್ಧಕ್ಕೆ ಬಿಟ್ಟು ಗೊತ್ತಿಲ್ಲದವಳು. ನಿಲ್ಲು ಅಂದರೆ ನಿಂತಳು.

ಕಳೆದ ವರ್ಷ ಬೆಳಗಾವಿಯ ಒಂದು ಪ್ರವಾಸ ತಂಡದ ಜೊತೆ ಇಬ್ಬರೂ ಇಟಲಿಗೆ ಹೋದೆವು. ಹನ್ನೆರಡು ದಿನ. ರೋಮಿನ ಮುರುಕು ರಂಗಮಂಟಪದ ಮುಂದೆ ಅವಳನ್ನು ನಿಲ್ಲಿಸಿದೆ. ಫ್ಲಾರೆನ್ಸಿನ ಗುಮ್ಮಟದ ಕೆಳಗೆ ನಿಲ್ಲಿಸಿದೆ. ಒಂಬತ್ತನೆಯ ದಿನ, ವೆನಿಸ್ಸಿಗೆ ಹೋಗುವ ದಾರಿಯಲ್ಲಿ, ಬೊಲೊನ್ಯ ಎಂಬ ಊರಲ್ಲಿ ಬಸ್ಸು ನಮ್ಮನ್ನು ಇಳಿಸಿತು. ನಾಲ್ಕು ಗಂಟೆಗೆ ಸರಿಯಾಗಿ ಬಸ್ಸು ಬಿಡುತ್ತದೆ, ಅಲ್ಲಿಯವರೆಗೆ ನಿಮ್ಮ ಪಾಡಿಗೆ ನೀವು ತಿರುಗಾಡಿ ಎಂದರು ತಂಡದ ಮ್ಯಾನೇಜರರು.

ಆ ಊರಿನ ವಿಶೇಷವೆಂದರೆ ಮೊಗಸಾಲೆ. ಓಣಿಯ ಎರಡೂ ಬದಿಯ ಮನೆಗಳು ಕಂಬಗಳ ಮೇಲೆ ಮುಂಚಾಚಿ ನಿಂತಿವೆ. ಜನ ಅದರಡಿಯೇ ನಡೆಯುತ್ತಾರೆ. ಒಂದು ಓಣಿ ಮುಗಿದರೆ ಇನ್ನೊಂದು, ಕಮಾನಿನ ಹಿಂದೆ ಕಮಾನು. ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ಒಂದು ಕಂಬದ ಪಕ್ಕ ಕಸ್ತೂರಿಯನ್ನು ನಿಲ್ಲಿಸಿ, "ಇಲ್ಲೇ ನಿಂದರು, ಅಲಗಾಡಬ್ಯಾಡ" ಎಂದೆ. ಹಿಂದೆ ಹಿಂದೆ ಸರಿಯುತ್ತ ಐದಾರು ಚಿತ್ರ ತೆಗೆದೆ. ಓಣಿಯ ಕೊನೆಗೆ ಬಂದಾಗ ಮನೆಗಳ ಸಂದಿಯಲ್ಲಿ ವಾಲಿದ ಗೋಪುರವೊಂದು ಕಂಡಿತು. ಅದರ ಬೆನ್ನು ಹತ್ತಿದೆ. ಅಲ್ಲಿಂದ ಚೌಕದ ದೊಡ್ಡ ಚರ್ಚಿಗೆ ಹೋದೆ. ಅದರ ಮುಂಗೋಡೆ ಅರ್ಧದವರೆಗೆ ಅಮೃತಶಿಲೆ, ಮೇಲೆ ಬರೀ ಇಟ್ಟಂಗಿ, ಕಟ್ಟುವವರು ಊಟಕ್ಕೆಂದು ಎದ್ದುಹೋದಂತಿದೆ. ಒಳಗೂ ಹೊಕ್ಕು ಬಂದೆ. ಹೊರಗೆ ಬಂದು ಬಾಯಾರಿ ಚೀಲದಿಂದ ನೀರಿನ ಬಾಟಲಿ ತೆಗೆದಾಗ, ಅದರ ಪಕ್ಕದಲ್ಲಿ ಅವಳ ಫೋನು ಕಂಡಿತು.

ಅವಳ ಫೋನು ಆ ದೇಶದಲ್ಲಿ ನಡೆಯುವುದಿಲ್ಲವೆಂದು ನಾನೇ ಇಸಿದುಕೊಂಡಿದ್ದೆ. ಅವಳ ಪಾಸ್‌ಪೋರ್ಟ್ ನನ್ನ ಸೊಂಟದ ಚೀಲದಲ್ಲಿತ್ತು. ನೀರು ನನ್ನ ಹತ್ತಿರ. ಅವಳ ಹತ್ತಿರ ಏನಿತ್ತು? ಉಟ್ಟ ಸೀರೆ, ನೋಯುವ ಮೊಣಕಾಲು, ಕನ್ನಡ, ಒಂದಿಷ್ಟು ಮರಾಠಿ.

ಗಂಟೆ ಎರಡು ದಾಟಿತ್ತು. ಬಂದ ದಾರಿಯಲ್ಲೇ ಓಡಿದೆ. ಅಂದರೆ ಬಂದ ದಾರಿ ಎಂದುಕೊಂಡ ದಾರಿಯಲ್ಲಿ. ಕಂಬಗಳಿದ್ದವು, ಅವಳಿರಲಿಲ್ಲ. ಪಕ್ಕದ ಓಣಿ ನೋಡಿದೆ. ಅದರ ಪಕ್ಕದ್ದೂ ನೋಡಿದೆ. ಮೂವತ್ತು ವರ್ಷ ಕಂಬದ ತಲೆ, ಕಂಬದ ಪಾದ ಎಂದು ಬೋರ್ಡಿನ ಮೇಲೆ ಗೀಚಿದವನಿಗೆ ಒಂದು ಕಂಬದಿಂದ ಇನ್ನೊಂದು ಕಂಬ ಬೇರೆ ಎಂದು ಹೇಳಲಾಗಲಿಲ್ಲ. ಜನರ ನಡುವೆ ಅವಳ ಹೆಸರು ಹಿಡಿದು ಕೂಗಿದೆ. ನಾಕಾರು ಮಂದಿ ತಿರುಗಿ ನೋಡಿ ಹಾದಿ ಬಿಟ್ಟು ಸರಿದರು. ಮ್ಯಾನೇಜರರಿಗೆ ಫೋನು ಮಾಡಿದರೆ, ಅವರು ಪಾಪ, ಪೊಲೀಸರಿಗೆ ಹೇಳುತ್ತೇನೆ, ಆದರೆ ಬಸ್ಸನ್ನು ಅಲ್ಲಿ ಹೆಚ್ಚು ಹೊತ್ತು ನಿಲ್ಲಿಸಗೊಡುವುದಿಲ್ಲ, ನಾಲ್ಕೂಕಾಲರವರೆಗೆ ಮಾತ್ರ ತಡೆಯಬಲ್ಲೆ ಎಂದರು. ಆಗ ಮೂರು ದಾಟಿ ಹತ್ತು ನಿಮಿಷ.

ಒಂದು ಮೆಟ್ಟಿಲ ಮೇಲೆ ಕುಸಿದು ಕುಳಿತೆ. ಚಿತ್ರದಲ್ಲಿ ಏನಾದರೂ ಗುರುತು ಸಿಕ್ಕೀತೆಂದು ಕ್ಯಾಮೆರಾ ತೆಗೆದರೆ, ಗಾಬರಿಯಲ್ಲಿ ಗುಂಡಿ ಎಲ್ಲೋ ಒತ್ತಿ ರೋಮಿನ ಚಿತ್ರಗಳು ಬಂದವು. ಅವಳ ಮುಖ ನೋಡುವ ಆಸೆಯಾಯಿತು. ಹಿಗ್ಗಿಸಿದೆ. ರಂಗಮಂಟಪದ ಮುಂದೆ ನಿಂತವಳು ಮುಂಡಾಸು ಸುತ್ತಿದ ಹಾಗೆ ಸೆರಗನ್ನು ತಲೆಗೆ ಬಿಗಿದುಕೊಂಡು ನನ್ನನ್ನೇ ನೋಡುತ್ತಿದ್ದಳು. ಫೋಟೋಕ್ಕೆ ನೋಡುವ ನೋಟ ಅದಲ್ಲ. ಮುಂದಿನದನ್ನು ಹಿಗ್ಗಿಸಿದೆ, ಅದರ ಮುಂದಿನದನ್ನು ಹಿಗ್ಗಿಸಿದೆ. ಗುಮ್ಮಟದ ಕೆಳಗೂ ಅದೇ, ಸೇತುವೆಯ ಮೇಲೂ ಅದೇ. ಜಾತ್ರೆಯಲ್ಲಿ ತಾಯಿಯ ಕೈ ಬಿಟ್ಟ ಕೂಸು ತಾಯಿಯ ಬೆನ್ನನ್ನು ನೋಡುವ ಹಾಗೆ, ನಾನು ಎಲ್ಲಿ ಮರೆಯಾದೇನೋ ಎಂದು ನೋಡುತ್ತಿದ್ದಳು. ನಾನೂರು ಚಿತ್ರ ತೆಗೆದಿದ್ದೆ. ಒಂದರಲ್ಲೂ ಅವಳು ತನ್ನ ಬೆನ್ನ ಹಿಂದಿನ ಕಟ್ಟಡದತ್ತ ತಲೆ ತಿರುಗಿಸಿರಲಿಲ್ಲ.

ನೀವಾಗಿದ್ದರೆ ಏನು ಮಾಡುತ್ತಿದ್ದಿರೋ. ನಾನು ಅಳುತ್ತ, ಬೊಲೊನ್ಯದ ಆ ಚಿತ್ರಕ್ಕೆ ಮರಳಿದೆ. ಅವಳ ಹೆಗಲ ಹಿಂದೆ ಅರ್ಧ ಕತ್ತರಿಸಿಹೋದ ಒಂದು ಅಂಗಡಿ. ಬಾಗಿಲಲ್ಲಿ ಬಣ್ಣಬಣ್ಣದ ಕೊಡೆಗಳನ್ನು ತೂಗುಹಾಕಿದ್ದರು. ಎದುರಿಗೆ ಹೂವು ಮಾರುತ್ತಿದ್ದ ವಯಸ್ಸಾದ ಹೆಂಗಸಿಗೆ ಅದನ್ನು ತೋರಿಸಿದೆ. ಅವಳು ಕನ್ನಡಕ ಏರಿಸಿ ಕೊಡೆಗಳನ್ನು ನೋಡಿದಳು, ಕಸ್ತೂರಿಯನ್ನು ನೋಡಿದಳು, ಆಮೇಲೆ ನನ್ನ ಕೆನ್ನೆ ನೋಡಿದಳು. ಹೂವಿನ ಬಕೀಟುಗಳನ್ನು ಹಾಗೇ ಬಿಟ್ಟು ನನ್ನ ತೋಳು ಹಿಡಿದು ಹೊರಟಳು. ನಾನು ಹುಡುಕಿದ್ದಕ್ಕೆ ತೀರ ವಿರುದ್ಧ ದಿಕ್ಕು. ಚರ್ಚಿನ ಬಾಗಿಲಿಂದ ಹೊರಬಿದ್ದಾಗ ಎಡಕ್ಕೆ ಹೊರಳಬೇಕಾದವನು ಬಲಕ್ಕೆ ಹೊರಳಿದ್ದೆ.

ಎರಡೂವರೆ ತಾಸಿನ ಮೇಲೆ ಕಸ್ತೂರಿ ಅದೇ ಕಂಬಕ್ಕೆ ಬೆನ್ನು ಕೊಟ್ಟು ನಿಂತಿದ್ದಳು. ನನ್ನನ್ನು ಕಂಡು ಅಳಲಿಲ್ಲ, ಬೈಯಲಿಲ್ಲ.

"ನೀರ ಕೊಡ್ರಿ" ಎಂದಳು.

ಬಸ್ಸಿನ ಹತ್ತಿರ ಎಲ್ಲರೂ ಮುತ್ತಿಕೊಂಡು ಏನಾಯಿತೆಂದು ಕೇಳಿದರು. ಇಬ್ಬರೂ ಕೂಡಿಯೇ ದಾರಿ ತಪ್ಪಿದೆವು, ನನಗೆ ಗಾಬರಿಯಲ್ಲಿ ಫೋನಿನಲ್ಲಿ ಹೇಳಲು ಬರಲಿಲ್ಲ ಎಂದುಬಿಟ್ಟೆ. ಕಸ್ತೂರಿ ಒಮ್ಮೆ ನನ್ನತ್ತ ನೋಡಿ ಬಸ್ಸು ಹತ್ತಿದಳು. ಅಂದಿನಿಂದ ಅವಳು ಯಾವ ಕಂಬದ ಪಕ್ಕವೂ ನಿಲ್ಲಲಿಲ್ಲ. ನಿಲ್ಲು ಎನ್ನುವ ಬಾಯಿ ನನಗೂ ಇರಲಿಲ್ಲ. ಊರಿಗೆ ಬಂದ ಮೇಲೆ ರಬಕವಿಯ ಅಕ್ಕತಂಗಿಯರ ಮುಂದೆ ಪ್ರವಾಸ ಛಲೋ ಆತು ಎಂದು ಹೇಳಿದಳಂತೆ. ಆ ಎರಡೂವರೆ ತಾಸಿನ ಮಾತು ನಮ್ಮ ಮನೆಯಲ್ಲಿ ಬರಲೇ ಇಲ್ಲ. ಒಂದೇ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತ, ಅದರ ಅಂಚಿಗೆ ಹೋಗದ ಹಾಗೆ ಇಬ್ಬರೂ ಮಾತಾಡುತ್ತಿದ್ದೆವು. ಅವಳು ಸುಮ್ಮನೆ ಕುಳಿತರೂ ನನಗೆ ಅಂಜಿಕೆ.

ಮೊನ್ನೆ ಜಮಖಂಡಿಯಿಂದ ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಕೇಳಬೇಕಾದ ಮಾತನ್ನು ಜೋಡಿಸುತ್ತ ಬಂದೆ. ಮನೆಗೆ ಬಂದವನೇ ಚಪ್ಪಲಿ ಬಿಚ್ಚುವ ಮೊದಲೇ ಕೇಳಿಬಿಟ್ಟೆ: ಅವತ್ತು ಅಲ್ಲಿ ನಿಂತಾಗ ಏನು ಅನಿಸಿತು?

ಕಸ್ತೂರಿ ಅವರೆಕಾಯಿ ಸುಲಿಯುತ್ತಿದ್ದಳು.

"ಮೊದಲ ನಿಮ್ಮನ್ನ ಬೈದ್ನಿ" ಎಂದಳು. "ಆಮ್ಯಾಲೆ ನಿಮಗ ಏನರ ಆಗೇತಿ ಅಂತ ಅಳು ಬಂತು. ಅತ್ತೂ ಆತು. ಆಮ್ಯಾಲೆ ಇನ್ನೇನ ಮಾಡೂದು? ಮ್ಯಾಲ ನೋಡಿದ್ನಿ."

"ಮ್ಯಾಲ ಏನಿತ್ತು?"

"ಛತ್ತಿಗೆ ಬಣ್ಣದ ಬಳ್ಳಿ ಬರದಿದ್ರು. ನಿಮ್ಮನ್ನ ಕಾಯೂದ್ರಾಗ ಉಳಿದ ಹನ್ನೊಂದ ದಿನ ಹ್ವಾದೂವು. ಅವತ್ತ ನೀವ ಇರಲಿಲ್ಲ. ಖರೆ ಹೇಳ್ತೀನಿ, ನಾ ಇಟಲಿ ನೋಡಿದ್ದು ಅದೊಂದ ದಿನಾರೀ."

ನನ್ನ ನಾನೂರು ಚಿತ್ರಗಳಲ್ಲಿ ಕಂಬವಿದೆ, ಕಮಾನಿದೆ; ಆ ಛಾವಣಿ ಇಲ್ಲ. ಆ ಮೊಗಸಾಲೆಯಲ್ಲಿ ನಾನು ತಲೆ ಎತ್ತಿರಲೇ ಇಲ್ಲ. ಒಳಗೆ ಹೋಗಿ ಹಾಳೆ, ಪೆನ್ಸಿಲ್ಲು ತಂದು ಅವಳ ಮುಂದೆ ನೆಲದ ಮೇಲೆ ಕುಳಿತೆ. ಬಳ್ಳಿ ಎಲ್ಲಿಂದ ಏಳುತ್ತದೆ ಎಂದು ಕೇಳಿದೆ. ಅವಳು ಅವರೆಕಾಯಿ ಬದಿಗೆ ಸರಿಸಿ, ಸೀರೆಯ ಅಂಚಿನ ಕಟ್ಟು ಹೇಳಿಕೊಡುವವಳ ಹಾಗೆ ಬೆರಳಿನಿಂದ ತೋರಿಸತೊಡಗಿದಳು: ನಡುವೆ ಒಂದು ಹೂದಾನಿ, ಎರಡು ಬಳ್ಳಿ, ಮೂರು ಎಲೆಗೊಂದು ಹಕ್ಕಿ. ನಾನು ಬರೆಯುತ್ತ ಹೋದೆ. ಮೂರನೆಯ ಎಲೆಗೆ ಬಂದಾಗ ನನ್ನ ಕೈ ಹಿಡಿದು ನಿಲ್ಲಿಸಿದಳು.

"ಹಂಗಲ್ರೀ. ಆ ಎಲಿ ಎಡಕ್ಕ ಹೊರಳೇತಿ."

ಅಳಿಸಿ, ಎಡಕ್ಕೆ ಹೊರಳಿಸಿ ಬರೆದೆ.